ಮಿರಾಬೆಗ್ರಾನ್ ಮಾತ್ರೆ, ಹತ್ತಿರಹತ್ತಿರ ಎರಡು ವರ್ಷದ ಬಳಕೆ: ಬೀಗ ತೆಗೆಯುವಷ್ಟು ಪುರುಸೊತ್ತು ಸಿಕ್ಕಿತು

ಈ ಮಾತ್ರೆ ತಗೊಂಡರೆ ಒಂದಕ್ಕೆ ಹೋಗುವುದು ಅರ್ಧಕ್ಕರ್ಧ ಇಳಿಯುತ್ತೆ ಅಂದುಕೊಂಡವರಿಗೆ ಮೊದಲೇ ಹೇಳಿಬಿಡುತ್ತೇನೆ. ನನಗೆ ಇಳಿಯಲಿಲ್ಲ. ಆದರೂ ಎರಡು ವರ್ಷ ಆಗುತ್ತಾ ಬಂತು, ಬಿಡದೆ ತಗೊಳ್ಳುತ್ತಿದ್ದೇನೆ. ದುಡ್ಡು ಕೈಯಿಂದಲೇ ಹೋಗುತ್ತಿದೆ. ಸದ್ಯಕ್ಕೆ ಬಿಡುವ ಯೋಚನೆಯೂ ಇಲ್ಲ.

ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಕನ್ನಡ ಟೀಚರ್. ವಯಸ್ಸು ಐವತ್ತು ದಾಟಿದೆ. ನನಗಿರುವ ತೊಂದರೆಗೆ ಡಾಕ್ಟರುಗಳು ಹೇಳುವುದು ಓವರ್‌ಆಕ್ಟಿವ್ ಬ್ಲ್ಯಾಡರ್ ಅಂತ. ಮೂತ್ರಕೋಶ ತುಂಬುವ ಮೊದಲೇ ಅದರ ಗೋಡೆಯ ಸ್ನಾಯು ಹಿಂಡಲು ಶುರು ಮಾಡುತ್ತೆ. ಎಲ್ಲರಿಗೂ ಬರುವ ಅವಸರ ನಿಧಾನಕ್ಕೆ ಏರುತ್ತೆ, ಕೈಲಿರುವ ಕೆಲಸ ಮುಗಿಸಿ ಹೋಗಬಹುದು. ಇದು ಹಾಗಲ್ಲ. ಈಗ ಏನೂ ಇರಲ್ಲ, ಮರುಕ್ಷಣ ತಡೆಯಲು ಆಗಲ್ಲ. ಕೆಲವರಿಗೆ ಹೋಗುವಷ್ಟರಲ್ಲೇ ಸೋರುತ್ತೆ. ನನಗೂ ಸೋರುತ್ತಿತ್ತು.

ಮನೆಯಲ್ಲಿ ಹೇಳಿದರೆ "ಉಷ್ಣ ಆಗಿದೆ, ಬಾರ್ಲಿ ನೀರು ಕುಡಿ" ಅಂದರು. ಅತ್ತೆ ಎಳನೀರು ತರಿಸಿಟ್ಟರು. ಸ್ಟಾಫ್ ರೂಮಿನಲ್ಲಿ ಒಬ್ಬರು "ಎರಡು ಹೆತ್ತಿದೀರಿ, ವಯಸ್ಸಾಯ್ತು, ಇದೆಲ್ಲ ಇದ್ದದ್ದೇ ಬಿಡಿ ಮೇಡಂ" ಅಂದರು. ಪ್ರೀತಿಯಿಂದಲೇ ಅಂದದ್ದು, ಆದರೆ ಆ ಮಾತು ಕೇಳಿಕೊಂಡೇ ಎಷ್ಟೋ ಹೆಂಗಸರು ವರ್ಷಗಟ್ಟಲೆ ಸುಮ್ನೆ ಇದ್ದುಬಿಡುತ್ತಾರೆ. ಯೂರಾಲಜಿಸ್ಟ್ ಹತ್ತಿರ ಹೋದರೆ ಮೊದಲು ಬೇರೆ ಕಾರಣ ಇದೆಯಾ ನೋಡುತ್ತಾರೆ. ಇನ್‌ಫೆಕ್ಷನ್ ಇದೆಯಾ, ಶುಗರ್ ಇದೆಯಾ, ಕಲ್ಲು ಇದೆಯಾ, ಹೋಗಿ ಬಂದ ಮೇಲೂ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನಿಂಗ್. ಅದ್ಯಾವುದೂ ಇಲ್ಲ ಅಂತ ಆದ ಮೇಲೆ ಇದರ ಹೆಸರು ಹೇಳುತ್ತಾರೆ. ಹಾಗಾಗಿ ಈ ವಿಮರ್ಶೆ ಓದಿ ನೇರವಾಗಿ ಮೆಡಿಕಲ್ ಶಾಪಿಗೆ ಹೋಗಬೇಡಿ.

ಮಾತ್ರೆಗೂ ಮೊದಲು ಒಂದು ಡೈರಿ ಬರೆಸುತ್ತಾರೆ. ಮೂರು ದಿನ. ಏನು ಕುಡಿದಿರಿ, ಯಾವಾಗ ಹೋದಿರಿ, ಎಷ್ಟು ಎಂಎಲ್, ಎಷ್ಟು ಅವಸರ ಇತ್ತು, ಸೋರಿತಾ. ಗೆರೆ ಇರುವ ಅರ್ಧ ಲೀಟರಿನ ಪ್ಲಾಸ್ಟಿಕ್ ಮಗ್ ತಂದು ಬಚ್ಚಲಲ್ಲಿ ಬಕೆಟ್ ಹಿಂದೆ ಇಟ್ಟೆ. ಹಳೆಯ ಹೋಂವರ್ಕ್ ನೋಟ್‌ಬುಕ್ಕಿನ ಕೊನೆ ಪುಟಗಳಲ್ಲಿ ಗೆರೆ ಎಳೆದೆ. ಹಿಂಸೆ ಅನಿಸಿದರೂ ಬರೆಯಿರಿ. ಬೆಳಿಗ್ಗೆ ಎದ್ದ ಕೂಡಲೇ ನನಗೆ 350 ಎಂಎಲ್ ಬರುತ್ತಿತ್ತು. ಸ್ಕೂಲಿನಿಂದ ಬಂದು ಓಡಿಹೋದಾಗ ಮಗ್‌ನ ತಳದಲ್ಲಿ 80, 90. ಅಷ್ಟಕ್ಕೇ ಆ ಪಾಟಿ ಅವಸರ. ಮೂತ್ರಕೋಶದಲ್ಲಿ ಜಾಗ ಇದೆ, ಜಾಗ ಇಲ್ಲ ಅಂತ ಅದು ಸುಳ್ಳು ಹೇಳುತ್ತಿದೆ ಅಂತ ಆ ಕಾಲಂ ನೋಡಿದ ಮೇಲೆ ನನಗೆ ಗೊತ್ತಾಯಿತು.

ಮೊದಲು ಕೊಟ್ಟದ್ದು ಮಿರಾಬೆಗ್ರಾನ್ ಅಲ್ಲ, ಸಾಲಿಫೆನಾಸಿನ್ 5 ಎಂಜಿ. ಅದರ ಮೇಲೆ ನನಗಿರುವ ಸಿಟ್ಟನ್ನು ಸ್ವಲ್ಪ ಹೇಳಲೇಬೇಕು. ಕೆಲಸ ಮಾಡಲಿಲ್ಲ ಅಂತಲ್ಲ. ಚೆನ್ನಾಗಿಯೇ ಮಾಡಿತು. ಆ ಜಾತಿಯ ಔಷಧಿಗಳು ಸ್ನಾಯುವಿಗೆ "ಹಿಂಡು" ಅಂತ ಹೇಳುವ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕವನ್ನೇ ತಡೆಯುತ್ತವೆ. ಆದರೆ ಅದೇ ರಾಸಾಯನಿಕ ಬಾಯಲ್ಲಿ ಜೊಲ್ಲು ಬರಿಸುವುದಕ್ಕೂ ಬೇಕು, ಕರುಳು ಓಡುವುದಕ್ಕೂ ಬೇಕು. ಹತ್ತು ದಿನದೊಳಗೆ ನನ್ನ ಬಾಯಿ ಒಣಗಿ ಹೋಯಿತು. ದಿನಕ್ಕೆ ಐದಾರು ಪೀರಿಯಡ್ ಮಾತಾಡುವವಳು ನಾನು. ಹಳಗನ್ನಡ ಪದ್ಯ ರಾಗವಾಗಿ ಓದಿ ತೋರಿಸದೆ ಪಾಠ ಮಾಡಿ ನನಗೆ ಅಭ್ಯಾಸವೇ ಇಲ್ಲ. ಳ, ಣ, ಷ ಬಂದ ಕಡೆಯೆಲ್ಲ ನಾಲಿಗೆ ಅಂಗುಳಿಗೆ ಅಂಟಿಕೊಂಡು ಟಕ್ ಅಂತ ಬಿಡುತ್ತಿತ್ತು. ಮುಂದಿನ ಬೆಂಚಿನ ಹುಡುಗಿ "ಮಿಸ್, ನೀರು ಕೊಡಲಾ" ಅಂತ ಬಾಟಲಿ ಚಾಚಿದಳು. ನೀರು ಕುಡಿದರೆ ಮತ್ತೆ ಹೋಗಬೇಕು. ಕಲ್ಲುಸಕ್ಕರೆ, ಏಲಕ್ಕಿ, ಲವಂಗ ಎಲ್ಲ ಬಾಯಲ್ಲಿಟ್ಟು ನೋಡಿದೆ. ಮಲಬದ್ಧತೆ ಬೇರೆ ಶುರುವಾಯಿತು, ಅದು ಮೂತ್ರಕೋಶವನ್ನು ಒತ್ತಿ ಇದೇ ತೊಂದರೆಯನ್ನು ಜಾಸ್ತಿ ಮಾಡುತ್ತೆ. ಮಾತಾಡುವ ಕೆಲಸ ಇಲ್ಲದ ನನ್ನ ತಂಗಿಗೆ ಅದೇ ಔಷಧಿ ಏನೂ ತೊಂದರೆ ಕೊಟ್ಟಿಲ್ಲ, ಬೆಲೆಯೂ ಕಡಿಮೆ, ಅವಳು ಅದರಲ್ಲೇ ಆರಾಮಾಗಿದ್ದಾಳೆ. ನನಗೆ ಆಗಲಿಲ್ಲ. ವಯಸ್ಸಾದವರು ಈ ಜಾತಿಯ ಮಾತ್ರೆಗಳನ್ನು ವರ್ಷಗಟ್ಟಲೆ ತಗೊಂಡರೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಹೆಚ್ಚಬಹುದಾ ಅನ್ನುವ ಅನುಮಾನವೂ ವೈದ್ಯರಲ್ಲಿ ಇದೆ. ಅರವತ್ತು ಎಪ್ಪತ್ತು ದಾಟಿದ ಅಪ್ಪ ಅಮ್ಮನಿಗೆ ಬರೆದುಕೊಟ್ಟಿದ್ದರೆ ಅದನ್ನು ಬಾಯಿಬಿಟ್ಟು ಕೇಳಿ.

ಆಮೇಲೆ ಬಂದದ್ದು ಮಿರಾಬೆಗ್ರಾನ್. ಜಪಾನಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕ ಔಷಧಿ ಇದು. ದಾರಿಯೇ ಬೇರೆ. "ಹಿಂಡು" ಅನ್ನುವುದನ್ನು ತಡೆಯುವ ಬದಲು, ತುಂಬುವ ಹೊತ್ತಿನಲ್ಲಿ ಸ್ನಾಯುವನ್ನು ಸಡಿಲ ಬಿಡಿಸುತ್ತೆ. ಬಾಯಿ ಒಣಗಲಿಲ್ಲ. ಪದ್ಯ ಮತ್ತೆ ನನ್ನದಾಯಿತು. ಅದೊಂದಕ್ಕೇ ಮೊದಲ ವಾರ ಇದಕ್ಕೆ ಪೂರ್ತಿ ಅಂಕ ಕೊಟ್ಟುಬಿಡುವ ಮನಸ್ಸಿತ್ತು.

ಆದರೆ ಅವಸರಕ್ಕೆ ಏನೂ ಆಗಲಿಲ್ಲ. ವಾರ ಕಳೆಯಿತು, ಎರಡು ಕಳೆಯಿತು. 25 ಎಂಜಿಯ ಪೂರ್ತಿ ಫಲ ತಿಳಿಯಲು ಎಂಟು ವಾರ ಬೇಕಾಗಬಹುದು, 50 ಆದರೆ ನಾಲ್ಕು ವಾರ. ಇದನ್ನು ಕೌಂಟರಿನಲ್ಲಿ ಯಾರೂ ಹೇಳಲ್ಲ. ನಾನು 25ರಲ್ಲಿ ಶುರು ಮಾಡಿ 50ಕ್ಕೆ ಹೋದೆ. ಆಮೇಲೆ ಮತ್ತೆ ಮಗ್ ಹಿಡಿದು ಡೈರಿ ಬರೆದೆ. ಲೆಕ್ಕ ನೋಡಿ ನಿಜವಾಗಿ ಬೇಜಾರಾಯಿತು. ಹೋಗುವ ಸಲ ಒಂದೆರಡು ಕಡಿಮೆ ಆಗಿತ್ತು, ಅಷ್ಟೇ. ಮಗ ಈ ಔಷಧಿಗೆ ಯುರೋಪಿನಲ್ಲಿ ಒಪ್ಪಿರುವ ವಿವರಪತ್ರ ತೆಗೆದು ತೋರಿಸಿದ. ಅದರಲ್ಲಿರುವ ಪ್ರಯೋಗಗಳಲ್ಲಿ 50 ಎಂಜಿ ತಗೊಂಡವರಿಗೆ ದಿನಕ್ಕೆ 1.75 ಸಲ ಕಡಿಮೆ ಆಗಿದೆ. ಔಷಧಿಯೇ ಇಲ್ಲದ ಖಾಲಿ ಮಾತ್ರೆ ತಗೊಂಡವರಿಗೂ 1.2 ಸಲ ಕಡಿಮೆ ಆಗಿದೆ! ವ್ಯತ್ಯಾಸ ಅರ್ಧ ಸಲ. ಇಷ್ಟಕ್ಕೆ ಇಷ್ಟೊಂದು ದುಡ್ಡಾ ಅಂತ ಸ್ಟ್ರಿಪ್ ಎತ್ತಿ ಡ್ರಾಯರಿಗೆ ಹಾಕಿದ್ದೆ.

ಡ್ರಾಯರಿನಿಂದ ಮತ್ತೆ ತೆಗೆಸಿದ್ದು ಮನೆಯ ಬೀಗ.

ಈ ತೊಂದರೆ ಇರುವವರಿಗೆ ಬೀಗದ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ದಾರಿಯುದ್ದಕ್ಕೂ ಸುಮ್ಮನಿದ್ದ ಮೂತ್ರಕೋಶ ಮನೆಯ ಗೇಟಿನ ಅಗುಳಿ ಸದ್ದಿಗೆ ಎದ್ದು ಕೂರುತ್ತೆ. ಬೀಗದ ಕೈ ಹಾಕುವ ಹೊತ್ತಿಗೆ ಕಾಲು ಕತ್ತರಿ ಹಾಕಿಕೊಂಡು ನಿಲ್ಲಬೇಕು. ನಲ್ಲಿ ನೀರಿನ ಸದ್ದಿಗೂ ಹಾಗೇ. ಮನೆ ಬಂತು, ಬಚ್ಚಲು ಹತ್ತಿರ ಅಂತ ಮಿದುಳು ಕಲಿತುಬಿಟ್ಟಿರುತ್ತೆ. ನಮ್ಮದು ಹಳೆಯ ಹಿತ್ತಾಳೆ ಬೀಗ, ಮಳೆಗಾಲದಲ್ಲಿ ಕೈ ಸಲೀಸಾಗಿ ತಿರುಗಲ್ಲ. ಬ್ಯಾಗ್ ನೆಲಕ್ಕೆ ಬಿಸಾಕಿ, ಛತ್ರಿ ಅಲ್ಲೇ ಬಿಟ್ಟು, ಚಪ್ಪಲಿ ಹಾಕಿಕೊಂಡೇ ದೇವರ ಮನೆ ಮುಂದಿನಿಂದ ಓಡಿಹೋಗುವುದು ನನ್ನ ಸಂಜೆಯಾಗಿತ್ತು. ಹೆಚ್ಚು ಸಲ ಸೋರುತ್ತಿದ್ದದ್ದೂ ಆ ಹೊಸ್ತಿಲಲ್ಲೇ.

50 ಶುರುವಾಗಿ ಸುಮಾರು ಒಂದು ತಿಂಗಳಿಗೆ, ಒಂದು ಸಂಜೆ ನಾನು ಬೀಗ ತೆಗೆದು, ಛತ್ರಿ ಕೊಡವಿ ಮೂಲೆಗಿಟ್ಟು, ಚಪ್ಪಲಿ ಬಿಟ್ಟು, ಒಣಹಾಕಿದ್ದ ಬಟ್ಟೆ ಒದ್ದೆಯಾಗಿದೆಯಾ ಅಂತ ಮುಟ್ಟಿ ನೋಡಿ, ಆಮೇಲೆ ಬಚ್ಚಲಿಗೆ ಹೋಗಿದ್ದೆ. ಹೋಗಿ ಬಂದ ಮೇಲೆ ಹೊಳೆಯಿತು. ಅವಸರ ಬಂದಿತ್ತು. ಆದರೆ ಅದಕ್ಕೂ ನನಗೂ ನಡುವೆ ಎರಡು ಮೂರು ನಿಮಿಷ ಇತ್ತು. ಡೈರಿಯ ಕಾಲಮಿನಲ್ಲಿ ಈ ಎರಡು ನಿಮಿಷ ಎಲ್ಲೂ ಕಾಣಲ್ಲ. ಅಲ್ಲಿ ಇರುವುದು ಎಷ್ಟು ಸಲ, ಎಷ್ಟು ಎಂಎಲ್. ನಾನು ದುಡ್ಡು ಕೊಡುತ್ತಿರುವುದು ಈ ಎರಡು ನಿಮಿಷಕ್ಕೆ.

ಹಾಗಂತ ಎಲ್ಲ ಮಾತ್ರೆಯೇ ಮಾಡಿತು ಅಂದರೆ ತಪ್ಪಾಗುತ್ತೆ. ಫಿಸಿಯೊಥೆರಪಿಸ್ಟ್ ಒಬ್ಬರು ಒಂದು ಅಭ್ಯಾಸ ಕಲಿಸಿದ್ದರು. ಅವಸರ ಬಂದ ಕೂಡಲೇ ಓಡಬಾರದು. ನಿಂತಲ್ಲೇ ನಿಲ್ಲಬೇಕು, ಸಾಧ್ಯವಾದರೆ ಕೂರಬೇಕು. ಮೂತ್ರ ಹಿಡಿಯುವ ಸ್ನಾಯುವನ್ನು ಬೇಗ ಬೇಗ ಐದಾರು ಸಲ ಬಿಗಿದು ಬಿಡಬೇಕು. ಕೆಳಗಿನ ಆ ಸ್ನಾಯು ಬಿಗಿದರೆ ಮೂತ್ರಕೋಶದ ಸ್ನಾಯು ತಾನಾಗಿ ಸಡಿಲ ಆಗುತ್ತೆ, ಅವಸರದ ಅಲೆ ಇಳಿಯುತ್ತೆ. ಇಳಿದ ಮೇಲೆ ನಡೆದುಕೊಂಡು ಹೋಗಬೇಕು. ಮಾತ್ರೆಗೆ ಮೊದಲು ಇದನ್ನು ಮಾಡುವಷ್ಟು ಹೊತ್ತೇ ನನಗೆ ಸಿಗುತ್ತಿರಲಿಲ್ಲ. ಈಗ ಗೇಟಿನ ಹತ್ತಿರ ನಿಂತು, ಪಕ್ಕದ ಮನೆಯವರು "ಬಂದ್ರಾ ಟೀಚರ್" ಅಂದರೆ "ಹೂಂ ಬಂದೆ" ಅನ್ನುತ್ತಾ, ಒಳಗೊಳಗೇ ಬಿಗಿದು ಬಿಟ್ಟು, ಆಮೇಲೆ ಅಗುಳಿ ತೆಗೆಯುತ್ತೇನೆ. ಯಾರಿಗೂ ಗೊತ್ತಾಗಲ್ಲ. ಇರಲಿ ಅಂತ ಸುಮ್ನೆ ಹೋಗಿ ಬರುವುದನ್ನೂ ಬಿಡಿಸಿದರು. ಪ್ರತಿ ಬೆಲ್ಲಿಗೂ ಹೋದರೆ ಅದು ಅಷ್ಟಕ್ಕೇ ಒಗ್ಗಿಕೊಳ್ಳುತ್ತಂತೆ. ಹತ್ತು ನಿಮಿಷ, ಕಾಲು ಗಂಟೆ ಅಂತ ಮುಂದೂಡುತ್ತಾ ಹೋಗಬೇಕು.

ಕಾಫಿ ವಿಷಯ. ಬೆಳಗಿನ ಫಿಲ್ಟರ್ ಕಾಫಿ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಮೊದಲ ಡಿಕಾಕ್ಷನ್ ಹಾಕಿ ಅರ್ಧ ಲೋಟ, ಗಟ್ಟಿಯಾಗಿ. ಸಂಜೆಯದನ್ನು ಮಾತ್ರ ಬಿಟ್ಟೆ. ಅದರ ಬದಲು ನಮ್ಮ ಮಲೆನಾಡಿನ ಕಷಾಯ, ಕೊತ್ತಂಬರಿ ಜೀರಿಗೆ ಹುರಿದು ಪುಡಿ ಮಾಡಿದ್ದು, ಬೆಲ್ಲ ಹಾಲು ಹಾಕಿ. ಅದರಲ್ಲಿ ಕೆಫೀನ್ ಇಲ್ಲ. ನೀರನ್ನು ಮಾತ್ರ ಕಡಿಮೆ ಮಾಡಬೇಡಿ. ಮೂತ್ರ ಗಟ್ಟಿಯಾದರೆ ಮೂತ್ರಕೋಶ ಇನ್ನೂ ಕೆರಳುತ್ತೆ. ರಾತ್ರಿ ಊಟದ ನಂತರ ಕಡಿಮೆ ಮಾಡಿದರೆ ಸಾಕು. ಆದರೂ ರಾತ್ರಿ ಒಂದು ಸಲ ಏಳುವುದು ತಪ್ಪಿಲ್ಲ, ಅದರಲ್ಲಿ ಈ ಮಾತ್ರೆಯಿಂದ ನನಗೆ ಹೇಳಿಕೊಳ್ಳುವಂಥ ಉಪಯೋಗ ಆಗಿಲ್ಲ.

ಮಾತ್ರೆ ತಗೊಳ್ಳುವುದು ತಿಂಡಿ ಆದ ಮೇಲೆ, ಇಡಿಯಾಗಿ ನುಂಗಿ. ದುಡ್ಡು ಉಳಿಸಲು 50ನ್ನು ಮುರಿದು ಎರಡು ದಿನಕ್ಕೆ ಮಾಡಿಕೊಳ್ಳಿ ಅಂತ ಒಬ್ಬರು ಹೇಳಿದ್ದರು. ಮಾಡಬೇಡಿ. ದಿನವಿಡೀ ನಿಧಾನಕ್ಕೆ ಬಿಡುವ ಹಾಗೆ ಮಾಡಿರುವ ಮಾತ್ರೆ ಅದು, ಮುರಿದರೆ, ಅಗಿದರೆ ಆ ಏರ್ಪಾಡೇ ಕೆಡುತ್ತೆ. ಭಾನುವಾರ ಬೆಳಿಗ್ಗೆ ಕಾಫಿಗೂ ಮೊದಲು ಬಿಪಿ ನೋಡಿ ಅದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಈ ಔಷಧಿ ಬಿಪಿ ಏರಿಸಬಹುದು. 180/110 ದಾಟಿ ಹಿಡಿತಕ್ಕೆ ಬಾರದ ಬಿಪಿ ಇದ್ದವರಿಗೆ ಇದು ಬೇಡ. ಬಿಪಿಗೆ, ಹೃದಯಕ್ಕೆ ಮೆಟೊಪ್ರೊಲಾಲ್ ತಗೊಳ್ಳುವವರು ಡಾಕ್ಟರಿಗೆ ಹೇಳಲೇಬೇಕು, ಇದರ ಜೊತೆ ಅದರ ಪ್ರಮಾಣ ರಕ್ತದಲ್ಲಿ ಏರುತ್ತೆ. ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ಪೂರ್ತಿ ಖಾಲಿಯಾಗದ ಗಂಡಸರೂ ಕೇಳದೆ ತಗೊಳ್ಳಬಾರದು.

ಬೆಲೆ ನನ್ನ ದೊಡ್ಡ ತಕರಾರು. ಮೊದಲು ಬರೆದುಕೊಟ್ಟ ಕಂಪನಿಯದಕ್ಕೆ ತಿಂಗಳಿಗೆ ಸಾವಿರ ರೂಪಾಯಿ ದಾಟುತ್ತಿತ್ತು. ಸ್ಕೂಲ್ ಹತ್ತಿರದ ಅಂಗಡಿಯವರು "ಮೇಡಂ, ಕಂಪನಿ ಬೇರೆ, ಒಳಗಿನ ಔಷಧಿ ಅದೇ" ಅಂತ ಇನ್ನೊಂದು ತೋರಿಸಿದರು. ಅರ್ಧಕ್ಕೂ ಕಡಿಮೆ. ಡಾಕ್ಟರನ್ನು ಕೇಳಿ ಬದಲಾಯಿಸಿದೆ, ಏನೂ ವ್ಯತ್ಯಾಸ ಕಂಡಿಲ್ಲ. ಈ ಮಾತನ್ನು ಚೀಟಿ ಬರೆಯುವಾಗಲೇ ಯಾರಾದರೂ ಹೇಳಬಹುದಿತ್ತಲ್ವಾ? ತಿಂಗಳ ಸಂಬಳದಲ್ಲಿ ಮನೆ ನಡೆಸುವವರಿಗೆ ಇದು ಸಣ್ಣ ಮೊತ್ತ ಅಲ್ಲ.

ಖರ್ಚು ಒಂದು ಕಡೆ ಆದರೆ ಉಳಿತಾಯವೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಆದ ಮೇಲೂ ನಾನು ಬೆಂಗಳೂರಿಗೆ ದುಡ್ಡು ಕೊಟ್ಟು ರೈಲಿನಲ್ಲೇ ಹೋಗುತ್ತಿದ್ದೆ. ರೈಲಿನಲ್ಲಿ ಶೌಚಾಲಯ ಇದೆ, ಬಸ್ಸಿನಲ್ಲಿ ಇಲ್ಲ, ಅಷ್ಟೇ ಕಾರಣ. ತರೀಕೆರೆ, ಬೀರೂರು, ಕಡೂರು, ಅರಸೀಕೆರೆ, ತಿಪಟೂರು ಅಂತ ಯಾವ ಊರಿನ ಸ್ಟ್ಯಾಂಡಿನಲ್ಲಿ ಬಸ್ ಎಷ್ಟು ಹೊತ್ತು ನಿಲ್ಲುತ್ತೆ, ಶೌಚಾಲಯ ಯಾವ ತುದಿಗಿದೆ ಅಂತ ನನಗೆ ಬಾಯಿಪಾಠ. ಈಗ ಬಸ್ಸಿನಲ್ಲೂ ಹೋಗುತ್ತೇನೆ, ಕಿಟಕಿ ಪಕ್ಕದ ಸೀಟಿನಲ್ಲಿ. ದೂರದ ದಾರಿಗೆ ಪ್ಯಾಡ್ ಇಟ್ಟುಕೊಳ್ಳುವುದು ಬಿಟ್ಟಿಲ್ಲ. ಮುಟ್ಟಿನ ಪ್ಯಾಡ್ ಇದಕ್ಕೆ ಸಾಲದು, ಮೂತ್ರಕ್ಕೆಂದೇ ಮಾಡಿದ್ದನ್ನು ಕೇಳಿ ತಗೊಳ್ಳಿ. ಹೋದ ಸಲದ ಎಸೆಸೆಲ್ಸಿ ಪರೀಕ್ಷೆಯಲ್ಲಿ ಮೇಲ್ವಿಚಾರಣೆ ಡ್ಯೂಟಿಗೂ ಹೆಸರು ಕೊಟ್ಟೆ. ಮೂರು ಗಂಟೆಗೂ ಜಾಸ್ತಿ ರೂಮು ಬಿಟ್ಟು ಕದಲುವ ಹಾಗಿಲ್ಲದ ಕೆಲಸ ಅದು. ಅದಕ್ಕೆ ಮೊದಲಿನ ವರ್ಷಗಳಲ್ಲಿ ಏನಾದರೂ ಕಾರಣ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದದ್ದು ಬೆಲೆಗೆ ಮತ್ತು ರಾತ್ರಿ ಏಳುವುದಕ್ಕೆ. ಇದು ಸಾಲದವರಿಗೆ ಪಾದದ ಗಂಟಿನ ಹತ್ತಿರ ನರಕ್ಕೆ ವಾರಕ್ಕೊಮ್ಮೆ ಅರ್ಧ ಗಂಟೆ ಸಣ್ಣ ಕರೆಂಟ್ ಕೊಡುವ ಚಿಕಿತ್ಸೆ ಇದೆ, ಮೂತ್ರಕೋಶಕ್ಕೆ ಬೊಟಾಕ್ಸ್ ಇಂಜೆಕ್ಷನ್ ಇದೆ. ನಾನು ಅಲ್ಲಿಯವರೆಗೆ ಹೋಗಿಲ್ಲ. ಬೇಸಿಗೆ ರಜೆಯಲ್ಲಿ 25ಕ್ಕೆ ಇಳಿಸಿ ನೋಡೋಣ ಅಂದಿದ್ದಾರೆ ಡಾಕ್ಟರು. ಇಳಿಸಿದ ಮೇಲೆ ಹೇಗಿದೆ ಅಂತ ಇಲ್ಲೇ ಕೆಳಗೆ ಸೇರಿಸುತ್ತೇನೆ.