ಹಳೇ ಲ್ಯಾಪ್‌ಟಾಪ್‌ಗೋಸ್ಕರ ಮನೆ ವೈಫೈ ಬಾಗ್ಲು ತೆಗ್ದಿಟ್ಟಿದ್ದೆ, ನೀವು ಹಾಗ್ ಮಾಡ್ಬೇಡಿ

ಮೊದ್ಲೇ ಹೇಳ್ಬಿಡ್ತೀನಿ, ಹಳೇ ಕಂಪ್ಯೂಟರ್ ವೈಫೈಗೆ ಸೇರ್ಲಿ ಅಂತ ರೌಟರ್ ಸೆಟ್ಟಿಂಗಲ್ಲಿ ಯಾವತ್ತೂ ವೆಪ್ (ವೈಫೈಗೆ ಬೀಗ ಹಾಕೋ ಹಳೇ, ಸುಲಭವಾಗಿ ಮುರಿಯೋ ವಿಧಾನ) ಆರಿಸ್ಬೇಡಿ. ಒಂದ್ ಗಂಟೆಗೂ ಬೇಡ. ನಾನು ಒಂದ್ ಗಂಟೆಗೆ ಅಂತ ಹಾಕಿ ಹತ್ತೊಂಬತ್ ದಿನ ಮರ್ತೇಬಿಟ್ಟೆ.

ಅಪ್ಪಾಜಿದು 1999ರ ಲ್ಯಾಪ್‌ಟಾಪ್ ಅಟ್ಟದ ಮೇಲಿತ್ತು, ವಿಂಡೋಸ್ 98. ಅವ್ರು ‘ಬರಹ’ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದೆಲ್ಲ ಅದ್ರೊಳಗೇ ಇದೆ. ಫ್ಲಾಪಿ ಡ್ರೈವ್ ಸತ್ತೋಗಿದೆ, ಯುಎಸ್‌ಬಿ ಒಂದಿದೆ ಆದ್ರೆ 98ಕ್ಕೆ ಪೆನ್ ಡ್ರೈವ್ ಗುರ್ತಾಗಲ್ಲ, ಬೇರೆ ಡ್ರೈವರ್ ಬೇಕು, ಆ ಡ್ರೈವರ್ ಒಳಗೆ ತರೋದು ಹೇಗೆ ಅನ್ನೋದೇ ತಲೆನೋವು. ಹಾರ್ಡ್ ಡಿಸ್ಕ್ ಬಿಚ್ಚಿ ಅಡಾಪ್ಟರ್ ಹಾಕಿದ್ರೆ ಹತ್ ನಿಮಿಷದ ಕೆಲ್ಸ, ನನ್ ಹೆಂಡ್ತಿನೂ ಅದೇ ಹೇಳಿದ್ಲು. ನಂಗೆ ವೈಫೈಲೇ ಬರ್ಬೇಕು ಅನ್ನೋ ಹುಚ್ಚು.

ಮೊದ್ಲು ಸೀರಿಯಲ್ ಪೋರ್ಟಿಗೆ ಇಎಸ್‌ಪಿ8266 ಅನ್ನೋ ಪುಟ್ಟ ವೈಫೈ ಚಿಪ್ ಹಾಕಿ ವೈಫೈ ಮೋಡೆಮ್ ಮಾಡೋಕೆ ಹೊರಟೆ. ಆ ಚಿಪ್ ಓಡೋದು 3.3 ವೋಲ್ಟಲ್ಲಿ, ಹಳೇ ಒಂಬತ್ ಪಿನ್ ಪೋರ್ಟಿಂದ ಬರೋದು ಪ್ಲಸ್ಸು ಮೈನಸ್ಸು ಹತ್ತು ಹನ್ನೆರಡು ವೋಲ್ಟು, ನಡುವೆ ವೋಲ್ಟೇಜ್ ಹೊಂದಿಸೋ ಮ್ಯಾಕ್ಸ್3232 ಚಿಪ್ ಕೂರಿಸ್ಲೇಬೇಕು. ನಾನು ನೇರ ವೈರ್ ಕೊಟ್ಟೆ. ನೀಲಿ ಎಲ್‌ಇಡಿ ಒಂದ್ಸಲ ಮಿಣುಕ್ ಅಂತು, ಅಷ್ಟೇ. ಬೆರಳಿಟ್ರೆ ಕಾದ ಕಾವಲಿ.

ಆಮೇಲೆ ಬೆಂಗಳೂರಿನ ಎಸ್‌ಪಿ ರೋಡ್ ಎಲೆಕ್ಟ್ರಾನಿಕ್ಸ್ ಅಂಗಡೀಲಿ ಒಂದ್ ಡಬ್ಬದ ತಳದಲ್ಲಿ ಓರಿನೋಕೋ ಸಿಲ್ವರ್ ಅನ್ನೋ ಹಳೇ ವೈಫೈ ಕಾರ್ಡ್ ಸಿಕ್ತು. ಲ್ಯಾಪ್‌ಟಾಪ್ ಪಕ್ಕದ ಪಿಸಿಎಂಸಿಐಎ ಕಾರ್ಡ್ ಸ್ಲಾಟಿಗೆ ತಳ್ಳಿದ್ರೆ ಎರಡ್ ಬೆರಳಷ್ಟು ಆಚೆ ಚಾಚ್ಕೊಂಡಿರುತ್ತೆ, ಅದ್ರಲ್ಲೇ ಆಂಟೆನಾ. ಒಳಗೆ ಹೋಗಿದ್ದೇ ಟುಯ್ ಟುಯ್ ಅಂತ ಕೂಗಿ ಹಸಿರು ದೀಪ ಹತ್ತಿತು ನೋಡಿ, ನಾನು ಅಡುಗೆಮನೆವರೆಗೂ ಓಡೋಗಿ ಹೇಳಿ ಬಂದೆ. ಆದ್ರೆ ವೆಪ್ ಜಾಗಕ್ಕೆ ಬಂದ ಗಟ್ಟಿ ಬೀಗ ಡಬ್ಲ್ಯೂಪಿಎ ಬಂದಿದ್ದೇ 2003ರಲ್ಲಿ, ಈ ಕಾರ್ಡಿಗೆ ಗೊತ್ತಿರೋದು ವೆಪ್ ಒಂದೇ, ಅದೂ 64 ಬಿಟ್. ಅದ್ರಲ್ಲಿ 24 ಬಿಟ್ ಗಾಳೀಲಿ ಬಿಚ್ಚಿಟ್ಟಂಗೆ ಹೋಗುತ್ತೆ, ಗುಟ್ಟಾಗಿ ಉಳಿಯೋದು 40 ಬಿಟ್, ಅಂದ್ರೆ ಐದೇ ಅಕ್ಷರ. ನಮ್ಮನೆ ಹಳೇ ರೌಟರಲ್ಲಿ ಆ ಆಯ್ಕೆ ಇನ್ನೂ ಇತ್ತು (ಇರ್ಬಾರ್ದಿತ್ತು). ಇಂಗ್ಲಿಷಲ್ಲಿ ಅಮ್ಮ ಅಂತ ನಾಲ್ಕಕ್ಷರ, ಮುಂದೆ ಒಂದು 1, ಇಡೀ ಮನೆ ನೆಟ್‌ವರ್ಕಿಗೆ ಇದೇ ಬೀಗ!

ವೆಪ್ ಮುರಿಯೋದು ಹೇಗೆ ಅಂತ 2001ರಲ್ಲೇ ಪೇಪರ್ ಬಂದಿತ್ತು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಯೂನಿವರ್ಸಿಟಿಯವ್ರು ಇದಕ್ಕಿಂತ ದೊಡ್ಡ 104 ಬಿಟ್ ಕೀನೇ ಒಂದ್ ನಿಮಿಷದೊಳಗೆ ತೆಗ್ದು ತೋರಿಸಿದ್ರು. ನಂಗಿದು ಗೊತ್ತಿತ್ತು, ಅದೇ ಬೇಜಾರು. ನಮ್ ಲೇಔಟಲ್ಲಿ ಯಾರಿಗಪ್ಪಾ ಅಷ್ಟು ಪುರುಸೊತ್ತು ಅಂದ್ಕೊಂಡೆ.

ಮಾರನೇ ದಿನದಿಂದ್ಲೇ ಹೆಂಡ್ತಿ ಆಫೀಸ್ ಕಾಲ್ ಕಟ್ ಕಟ್. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೂಗಾಡಿದೆ, ಪಾಪ ಹುಡ್ಗ ಬಂದು ಫೈಬರ್ ಚೆಕ್ ಮಾಡಿ ಲೈನ್ ಸರಿಯಾಗೇ ಇದೆ ಸಾರ್ ಅಂದು ಹೋದ. ತಪ್ಪು ನಂದೇ. ವೆಪ್ ಹಾಕಿದ್ರೆ 802.11ಎನ್ ಅನ್ನೋ ಹೊಸ ತಲೆಮಾರಿನ ವೈಫೈನ ಜೋರು ಸ್ಪೀಡ್ ಕೊಡ್ಬಾರ್ದು ಅಂತ ಸ್ಟ್ಯಾಂಡರ್ಡಲ್ಲೇ ಇದೆ, ಮನೇಲಿರೋ ಹೊಸ ಫೋನೆಲ್ಲ 54 ಎಂಬಿಪಿಎಸ್‌ಗೆ ಇಳಿದು ಕೂತಿತ್ತು, ನಿಜವಾಗಿ ಸಿಗೋದು ಅದ್ರಲ್ಲಿ ಅರ್ಧಾನೂ ಇಲ್ಲ.

ಹತ್ತೊಂಬತ್ತನೇ ದಿನ ಡೇಟಾ ಲಿಮಿಟ್ ಮುಗೀತು ಅಂತ ಮೆಸೇಜ್. ತಿಂಗಳಲ್ಲಿ ಅರ್ಧಾನೂ ಖರ್ಚಾಗದ ಮನೆ ನಮ್ದು. ರೌಟರ್ ಪೇಜ್ ತೆಗ್ದು ನೋಡಿದ್ರೆ ಹದಿನಾಲ್ಕು ಡಿವೈಸು, ನಮ್ದು ಎಣಿಸಿದ್ರೆ ಆರು. ಯಾರು ಅಂತ ಹೇಳೋಕಾಗಲ್ಲ, ಹಿಂದುಗಡೆ ಪಿಜಿ ಇದೆ, ಎದುರು ಮೂರ್ ಮನೆ ಇದೆ. ಡೇಟಾ ಹೋಗಿದ್ದಕ್ಕಲ್ಲ ಹೊಟ್ಟೆ ತೊಳಸಿದ್ದು, 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಮುಂಚೆ ಬಂದ ಬೆದರಿಕೆ ಮೇಲ್ ನವಿ ಮುಂಬೈಲಿದ್ದ ಒಬ್ಬ ಅಮೆರಿಕನ್ನನ ಮನೆ ವೈಫೈಯಿಂದ ಹೋಗಿತ್ತಲ್ಲ, ಪೊಲೀಸ್ರು ಮೊದ್ಲು ಹೋಗಿದ್ದು ಅವ್ನ ಮನೆಗೇ. ಆ ರಾತ್ರೀನೇ ಡಬ್ಲ್ಯೂಪಿಎದ ಮುಂದಿನ ಆವೃತ್ತಿ ಡಬ್ಲ್ಯೂಪಿಎ2 ಹಾಕಿ, ವೈಫೈ ಪಾಸ್‌ವರ್ಡು, ರೌಟರ್ ಅಡ್ಮಿನ್ ಪಾಸ್‌ವರ್ಡು (ಅದೂ ಅಡ್ಮಿನ್ ಅಂತ್ಲೇ ಇತ್ತು, ನಗ್ಬೇಡಿ), ಬ್ಯಾಂಕಿಂದು, ಮೇಲಿಂದು ಎಲ್ಲ ಬದಲಾಯಿಸಿ ಮಲಗಿದಾಗ ಮೂರ್ ಗಂಟೆ.

ಕೊನೆಗೆ ಕೆಲ್ಸ ಆಗಿದ್ದು ಹೀಗೆ. ಮೂಲೇಲಿದ್ದ ಇನ್ನೊಂದು ಹಳೇ ರೌಟರನ್ನ ಓಪನ್‌ಡಬ್ಲ್ಯೂಆರ್‌ಟಿ (ರೌಟರಿಗೆ ಹಾಕೋ ಉಚಿತ ಸಾಫ್ಟ್‌ವೇರ್) ಹಾಕಿ ಕ್ಲೈಂಟ್ ಮಾಡಿದೆ, ಅಂದ್ರೆ ಫೋನ್ ಥರ ವೈಫೈಗೆ ಸೇರೋ ಹಾಗೆ, ಅದು ಡಬ್ಲ್ಯೂಪಿಎ2ಲಿ ಮನೆ ವೈಫೈಗೆ ಸೇರುತ್ತೆ, ಅಲ್ಲಿಂದ ಲ್ಯಾನ್ ಕೇಬಲ್ ಲ್ಯಾಪ್‌ಟಾಪ್‌ಗೆ. ಪಾಪ 98ಕ್ಕೆ ವೈಫೈ ಇದೆ ಅಂತ್ಲೂ ಗೊತ್ತಾಗಲ್ಲ. ಪಿಸಿಎಂಸಿಐಎ ಲ್ಯಾನ್ ಕಾರ್ಡ್ ತಗೋವಾಗ ಪಿನ್ ಕಡೆ ಚಿನ್ನದ ಬಣ್ಣದ ಉಬ್ಬುಬ್ಬು ಪಟ್ಟಿ ಇದ್ರೆ ಅದು ಕಾರ್ಡ್‌ಬಸ್ ಅನ್ನೋ ಆಮೇಲಿನ 32 ಬಿಟ್ ಜಾತಿ, ತೀರಾ ಹಳೇ 16 ಬಿಟ್ ಸ್ಲಾಟಿಗೆ ಕೂರಲ್ಲ, ಒತ್ತಿ ಪಿನ್ ಮುರೀಬೇಡಿ. ಫೈಲ್ ಶೇರಿಂಗ್‌ಗೆ ಅಂತ ಹೊಸ ಕಂಪ್ಯೂಟರಲ್ಲಿ ಎಸ್‌ಎಂಬಿ1 ಅನ್ನೋ ಹಳೇ ವಿಧಾನ ಆನ್ ಮಾಡೋದೂ ಬೇಡ, 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳ್ತಿದ್ದ ವನ್ನಾಕ್ರೈ ವೈರಸ್ ನುಗ್ಗಿದ್ದು ಅದೇ ಕಿಂಡೀಲಿ. 98ರ ಡಾಸ್ ಕಿಟಕೀಲಿ ಎಫ್‌ಟಿಪಿ ಅಂತ ಹೊಡೆದ್ರೆ ಫೈಲ್ ಕಳಿಸೋ ಸೌಲಭ್ಯ ಅಲ್ಲೇ ಇದೆ, ಸಾಕು. ಆ ಲ್ಯಾಪ್‌ಟಾಪಲ್ಲಿ ಗೇಟ್‌ವೇ (ಮನೆಯಿಂದಾಚೆ ಹೋಗೋ ದಾರಿ) ಖಾಲಿ ಬಿಟ್ಟಿದ್ದೀನಿ, ಹೊರಗಿನ ಇಂಟರ್ನೆಟ್ ಅದಕ್ಕೆ ಬೇಕಿಲ್ಲ, 2006ರಿಂದ ಒಂದು ಪ್ಯಾಚೂ ಬಂದಿಲ್ಲ ವಿಂಡೋಸ್ 98ಕ್ಕೆ.

ಫೈಲುಗಳೆಲ್ಲ ಬಂದ್ವು. ಮುಕ್ಕಾಲು ಪಾಲು ಲೇಔಟ್ ಸಂಘದ ಮೀಟಿಂಗ್ ನೋಟೀಸು. ಒಂದ್ರಲ್ಲಿ ಅಪ್ಪಾಜಿ ಬರ್ದಿದಾರೆ, ರಾತ್ರಿ ಹತ್ತರ ಮೇಲೆ ಗೇಟಿಗೆ ಬೀಗ ಹಾಕೋದನ್ನ ಸದಸ್ಯರು ಮರೀಬಾರ್ದು ಅಂತ.