ಕೋರಿ ಮೊಟ್ಟೆಗೆ ನೀಲಿ ಔಷಧನಾ, ಬಾದಾಮಿ ಎಲೆನಾ, ಬಲೆ ಪೆಟ್ಟಿಗೆನಾ? ಎರಡು ಮಳೆಗಾಲ ಮಾಡಿ ನೋಡಿದ್ದು

ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಹೊಡೆದ ಮಾರನೇ ದಿನ ಬೆಳಿಗ್ಗೆ ನಮ್ಮ ಟ್ಯಾಂಕಿನ ಗಾಜಿಗೆ ಮೊಟ್ಟೆ ಅಂಟಿರ್ತದೆ ಅಂತ ಈಗ ಮನೆಯವರಿಗೆಲ್ಲ ಗೊತ್ತು, ಆಯಿ ಚಾ ಮಾಡೋಕೆ ಎದ್ದವಳು ಮೊದಲು ಟ್ಯಾಂಕ್ ನೋಡಿ ನನ್ನ ಎಬ್ಬಿಸ್ತಾಳೆ. ಮೀನು ಬ್ರಾಂಜ್ ಕೋರಿ, ಅಂದ್ರೆ ತಳದಲ್ಲಿ ಮೀಸೆ ಆಡಿಸ್ತಾ ಓಡಾಡೋ ಸಣ್ಣ ಕ್ಯಾಟ್‌ಫಿಶ್, ನನ್ನ ಹತ್ರ ಎರಡು ಹೆಣ್ಣು ನಾಲ್ಕು ಗಂಡು ಇದೆ. ಇದು ದಕ್ಷಿಣ ಅಮೆರಿಕದ ಹೊಳೆ ಮೀನು, ಅಲ್ಲೂ ಮಳೆ ಬಂದು ನೀರು ತಂಪಾದಾಗಲೇ ಇದಕ್ಕೆ ಮೊಟ್ಟೆ ಇಡೋ ಹುಕಿ ಬರೂದು. ಕಾರವಾರದಲ್ಲಿ ಮೇ ತಿಂಗಳಲ್ಲಿ 30 ಡಿಗ್ರಿ ಇರೋ ಟ್ಯಾಂಕ್ ನೀರು ಮಳೆ ಹಿಡಿದ ಮೇಲೆ 26ಕ್ಕೆ ಇಳೀತದೆ, ಅದರ ಮೇಲೆ ಬಾವಿಯ ತಣ್ಣನೆ ನೀರು ಕಾಲು ಭಾಗ ಬದಲಾಯಿಸಿದ್ರೆ ಮುಗೀತು, ಮತ್ತೇನೂ ಬೇಡ. ನಮ್ಮದು ಚಿರೇಕಲ್ಲಿನ ಬಾವಿ, ನೀರು ಮೆದು, ಕ್ಲೋರಿನ್ ಇಲ್ಲ. ನಲ್ಲಿ ನೀರು ಬಳಸೋರು ಕ್ಲೋರಿನ್ ತೆಗೆಯದೆ ಹಾಕಬೇಡಿ.

ಮೊಟ್ಟೆ ಇಡೂದನ್ನ ಒಂದ್ಸಲ ಕೂತು ನೋಡಬೇಕು. ಹೆಣ್ಣು ಗಂಡಿನ ಹೊಟ್ಟೆ ಹತ್ರ ಬಾಯಿ ಒತ್ತಿ ನಿಲ್ತದೆ, ಎರಡೂ ಸೇರಿ ಟಿ ಅಕ್ಷರದ ಹಾಗೆ ಕಾಣ್ತದೆ, ಆಮೇಲೆ ಹೊಟ್ಟೆ ಕೆಳಗಿನ ಎರಡು ರೆಕ್ಕೆ ಬೊಗಸೆ ಹಾಗೆ ಮಾಡಿ ಅದರಲ್ಲಿ ಎರಡೋ ಮೂರೋ ಮೊಟ್ಟೆ ಹಿಡ್ಕೊಂಡು ಜಾಗ ಹುಡುಕ್ತಾ ಹೋಗ್ತದೆ. ಗಾಜನ್ನ ಬಾಯಿಂದ ಉಜ್ಜಿ ಉಜ್ಜಿ ಕ್ಲೀನ್ ಮಾಡಿ ಅಲ್ಲಿ ಹೊಟ್ಟೆ ಒತ್ತಿ ಅಂಟಿಸ್ತದೆ. ಹೀಗೆ ಒಂದೆರಡು ತಾಸು ನಡೀತದೆ. ಮೊಟ್ಟೆ ಸಾಸಿವೆ ಕಾಳಿನಷ್ಟು, ಮೊದಲು ಹಾಲು ಬೆರೆಸಿದ ಗಾಜಿನ ಹಾಗೆ, ಮಾರನೇ ದಿನಕ್ಕೆ ಜೇನು ಬಣ್ಣ. ಇಷ್ಟು ಕಷ್ಟಪಟ್ಟು ಇಟ್ಟ ಮೇಲೆ ಅದೇ ತಾಯಿ ತಿರುಗಿ ಬಂದು ತಿಂತದೆ, ಅದು ನೋಡಿ ಹೊಟ್ಟೆ ಉರೀತದೆ ಖರೆ, ಆದ್ರೆ ಕೋರಿಗೆ ಮೊಟ್ಟೆ ಕಾಯೋ ಗುಣ ಇಲ್ಲವೇ ಇಲ್ಲ. ಹಾಗಾಗಿ ಕಾಯೋ ಕೆಲಸ ನಮ್ದು.

ಮೊದಲ ವರ್ಷ ಅಂಗಡಿಯವರು ಒಂದು ಹೇಳಿದ್ರು, ಮೀನು ಸಾಕೋ ಗೆಳೆಯ ಇನ್ನೊಂದು ಹೇಳಿದ, ಯಾರ ಮಾತು ಕೇಳೂದು ಅಂತ ಗೊತ್ತಾಗದೆ ಮೊಟ್ಟೆಗಳನ್ನ ಪಾಲು ಮಾಡಿ ಬೇರೆ ಬೇರೆ ವಿಧಾನ ಮಾಡಿ ನೋಡಿದೆ. ಎಷ್ಟು ಮೊಟ್ಟೆ ಒಡೆದು ಮರಿ ಬಂತು ಅನ್ನೂದರ ಜೊತೆಗೆ ಹದಿನೈದು ದಿನ ಆದ್ಮೇಲೆ ಎಷ್ಟು ಮರಿ ಉಳೀತು ಅಂತಾನೂ ಬರೆದಿಟ್ಟೆ, ಈ ಎರಡನೇ ಲೆಕ್ಕ ಬರೆಯದೇ ಹೋಗಿದ್ರೆ ನಾನು ಇವತ್ತಿಗೂ ತಪ್ಪು ವಿಧಾನವನ್ನೇ ಹೊಗಳ್ತಾ ಇರ್ತಿದ್ದೆ.

ಸುಮ್ನೆ ಟ್ಯಾಂಕಲ್ಲೇ ಬಿಡೂದು. ಇದರ ಬಗ್ಗೆ ಹೆಚ್ಚು ಹೇಳೋಕಿಲ್ಲ. ಸುಮಾರು 25 ಮೊಟ್ಟೆ ಬಿಟ್ಟಿದ್ದೆ, ಸಂಜೆ ಹೊತ್ತಿಗೆ ಗಾಜಿನ ಮೇಲೆ ನಾಲ್ಕು ಇತ್ತು, ಮರುದಿನ ಒಂದೂ ಇಲ್ಲ. ಜಾವಾ ಮಾಸ್ ಅನ್ನೋ ನೀರಿನ ಗಿಡದ ಒಳಗೆ ಸಿಕ್ಕಿ ಬಿದ್ದ ಒಂದು ಮೊಟ್ಟೆಯಿಂದ ಬಂದ ಮರಿ ಎರಡು ತಿಂಗಳ ನಂತರ ಕಣ್ಣಿಗೆ ಬಿತ್ತು, ಅಷ್ಟೇ. ಗಪ್ಪಿ ಮೀನೂ ಜೊತೆಗೆ ಇರೋ ಟ್ಯಾಂಕಲ್ಲಿ ಇದನ್ನ ವಿಧಾನ ಅಂತ ಕರೆಯೋಕೂ ಮನಸ್ಸು ಬರೂದಿಲ್ಲ.

ಮೊಟ್ಟೆ ತೆಗೆಯೂದು ಹೇಗೆ ಅಂತ ಇಲ್ಲೇ ಹೇಳ್ತೆ. ಇಟ್ಟ ತಕ್ಷಣ ಮುಟ್ಟಬೇಡಿ, ಸಿಪ್ಪೆ ಮೆತ್ತಗಿರ್ತದೆ. ಒಂದೆರಡು ತಾಸು ಬಿಟ್ರೆ ಗಟ್ಟಿಯಾಗ್ತದೆ, ಆಗ ಬೆರಳ ತುದಿಯಿಂದ ಮೆಲ್ಲಗೆ ಉರುಳಿಸಿದ್ರೆ ಬಿಟ್ಕೊಳ್ತದೆ, ಬೆರಳಿಗೆ ಅಂಟ್ಕೊಂಡೇ ಬರ್ತದೆ. ಹಳೆ ಎಟಿಎಂ ಕಾರ್ಡ್ ಅಂಚಲ್ಲೂ ಕೆರೆದು ನೋಡಿದ್ದೆ, ಆಗ್ತದೆ, ಆದ್ರೆ ಕೆಲವು ಒಡೆದು ಹಾಳಾಯ್ತು, ನನಗೆ ಬೆರಳೇ ಹಿತ. ಒಂದಕ್ಕೊಂದು ಅಂಟಿದ ಗೊಂಚಲು ಇದ್ರೆ ಬಿಡಿಸಿ ಬೇರೆ ಬೇರೆ ಇಡಿ, ಇದು ಬಹಳ ಮುಖ್ಯ, ಯಾಕೆ ಅಂದ್ರೆ ಬೂಷ್ಟು. ಗಂಡಿನ ಬೀಜ ತಾಗದ ಮೊಟ್ಟೆ ಒಂದೇ ದಿನದಲ್ಲಿ ಬೆಳ್ಳಗಾಗ್ತದೆ, ಅದರ ಮೇಲೆ ಸಪ್ರೊಲೆಗ್ನಿಯಾ ಅನ್ನೋ ನೀರಿನ ಬೂಷ್ಟು ಹತ್ತಿ ಎಳೆ ಹಾಗೆ ಬೆಳೀತದೆ, ಆ ಎಳೆ ಪಕ್ಕದ ಜೀವ ಇರೋ ಮೊಟ್ಟೆಯನ್ನೂ ಸುತ್ತಿ ಉಸಿರು ಕಟ್ಟಿಸಿ ಕೊಲ್ತದೆ. ಮುಂದೆ ಹೇಳೋ ಮೂರೂ ವಿಧಾನದಲ್ಲಿ ಜಗಳ ಇರೂದು ಈ ಬೂಷ್ಟಿನ ಜೊತೆಗೇ.

ನೀಲಿ ಔಷಧ, ಅಂದ್ರೆ ಮೆಥಿಲೀನ್ ಬ್ಲೂ. ಐದು ಲೀಟರ್ ಹಿಡಿಯೋ ಪ್ಲಾಸ್ಟಿಕ್ ಡಬ್ಬ, ಅದಕ್ಕೆ ಟ್ಯಾಂಕಿನದೇ ನೀರು, ಒಂದು ಪರ್ಸೆಂಟ್ ದ್ರಾವಣ 1 ಎಂ.ಎಲ್., ಅಂದ್ರೆ ಲೀಟರಿಗೆ 2 ಮಿಲಿಗ್ರಾಂ, ಮಧ್ಯದಲ್ಲಿ ಏರ್ ಸ್ಟೋನ್, ಅಂದ್ರೆ ಪಂಪಿನ ಗಾಳಿಯನ್ನ ಗುಳ್ಳೆ ಮಾಡಿ ಬಿಡೋ ಕಲ್ಲು. ನೀರು ಮಳೆ ಬಿಟ್ಟ ಮೇಲಿನ ಆಕಾಶದ ಹಾಗೆ ತಿಳಿ ನೀಲಿ ಇದ್ರೆ ಸಾಕು, ಕಡು ನೀಲಿ ಮಾಡಬೇಡಿ. ಡಬ್ಬನ ಬೆಳಕಿಂದ ದೂರ ಇಡಬೇಕು, ಬೆಳಕಿಗೆ ಈ ಔಷಧ ಸವೀತದೆ. ಇದರಲ್ಲಿ ಒಂದು ದೊಡ್ಡ ಅನುಕೂಲ, ಸತ್ತ ಮೊಟ್ಟೆ ನೀಲಿ ಬಣ್ಣ ಹೀರಿ ಕಡು ಆಗ್ತದೆ, ಜೀವ ಇರೋದು ತಿಳಿಯಾಗೇ ಉಳೀತದೆ, ಹಾಗಾಗಿ ಆರಿಸಿ ತೆಗೆಯೂದು ಸುಲಭ. 30 ಮೊಟ್ಟೆಯಲ್ಲಿ 24 ಒಡೀತು, ನಾಲ್ಕನೇ ದಿನ ಬೆಳಿಗ್ಗೆ ಡಬ್ಬದ ತಳದಲ್ಲಿ ಸಣ್ಣ ಸಣ್ಣ ಬಾಲ ನಡುಗ್ತಾ ಇತ್ತು, ನನಗೆ ಕಣ್ಣಲ್ಲಿ ನೀರೇ ಬಂತು.

ಆದ್ರೆ ಹದಿನೈದು ದಿನಕ್ಕೆ ಉಳಿದದ್ದು 9. ಕಾರಣ ಆಮೇಲೆ ತಿಳೀತು. ಈ ಔಷಧ ಬೂಷ್ಟಿನ ಜೊತೆಗೆ ನೀರು ಶುದ್ಧ ಇಡೋ ಒಳ್ಳೆ ಬ್ಯಾಕ್ಟೀರಿಯಾಕ್ಕೂ ಏಟು ಕೊಡ್ತದೆ, ಮರಿ ತಿನ್ನೋಕೆ ಶುರು ಮಾಡಿದ ಮೇಲೆ ಅಷ್ಟು ಸಣ್ಣ ಡಬ್ಬದಲ್ಲಿ ಅವುಗಳ ಗಲೀಜಿನ ವಿಷ, ಅಂದ್ರೆ ಅಮೋನಿಯಾ, ಏರಿ ಬಿಡ್ತದೆ. ಅದರ ಮೇಲೆ ನಮ್ಮೂರ ಮಳೆಗಾಲ ಗೊತ್ತಲ್ಲ, ಗಾಳಿ ಎದ್ದು ಎಲ್ಲೋ ಒಂದು ಕೊಂಬೆ ತಂತಿ ಮೇಲೆ ಬಿದ್ರೆ ರಾತ್ರಿಯಿಡೀ ಕರೆಂಟ್ ಇಲ್ಲ. ಏರ್ ಪಂಪ್ ನಿಂತ್ರೆ ಐದು ಲೀಟರ್ ಡಬ್ಬದಲ್ಲಿ ಗಾಳಿ ಎಷ್ಟು ಹೊತ್ತು ಇರ್ತದೆ? ಒಂದೇ ರಾತ್ರಿ ಆರು ಮರಿ ಹೋಯ್ತು. ಹಾಗಾಗಿ ಮರಿ ಒಡೆದ ದಿನವೇ ನೀಲಿ ನೀರು ಸ್ವಲ್ಪ ಸ್ವಲ್ಪವೇ ಬದಲಾಯಿಸಿ ಎರಡು ದಿನದೊಳಗೆ ಪೂರ್ತಿ ತಿಳಿ ನೀರಿಗೆ ತರಬೇಕು. ಮತ್ತೆ ಈ ನೀರನ್ನ ದೊಡ್ಡ ಟ್ಯಾಂಕಿಗೆ ಚೆಲ್ಲಲೇಬೇಡಿ, ಗಾಜಿನ ಸಂದಿಯ ಸಿಲಿಕಾನ್ ನೀಲಿ ಆದ್ರೆ ಮತ್ತೆ ಹೋಗೂದಿಲ್ಲ.

ಬಾದಾಮಿ ಎಲೆ. ಅಂಗಡಿಯಲ್ಲಿ ಇದನ್ನ ಪ್ಯಾಕೆಟ್ ಮಾಡಿ ದುಡ್ಡಿಗೆ ಮಾರ್ತಾರೆ, ನಮ್ಮಲ್ಲಿ ಟಾಗೋರ್ ಬೀಚ್ ಕಡೆ ಹೋದ್ರೆ ಕಾಲಡಿಗೇ ಬಿದ್ದಿರ್ತದೆ. ತಾನಾಗೇ ಕೆಂಪಾಗಿ ಉದುರಿ ಒಣಗಿದ ಎಲೆ ಬೇಕು, ಹಸಿರು ಬೇಡ, ರಸ್ತೆ ಅಂಚಿನ ಹೊಗೆ ಧೂಳು ತಿಂದದ್ದೂ ಬೇಡ. ಬೀಚಿನ ಎಲೆಗೆ ಉಪ್ಪು ಮರಳು ಅಂಟಿರ್ತದೆ, ಬಾವಿ ನೀರಲ್ಲಿ ಚೆನ್ನಾಗಿ ತೊಳೆದು ನೆರಳಲ್ಲಿ ಒಣಗಿಸಿ ಇಟ್ಕೊಳ್ಳಿ. ಐದು ಲೀಟರಿಗೆ ಅರ್ಧ ಎಲೆ, ಒಂದು ದಿನ ಮೊದಲೇ ನೆನೆ ಹಾಕಿದ್ರೆ ನೀರಿಗೆ ಕಣ್ಣ ಚಾ, ಅಂದ್ರೆ ಹಾಲು ಹಾಕದ ಚಾದ ಬಣ್ಣ ಬರ್ತದೆ. ಎಲೆಯ ಒಗರು, ಅಂದ್ರೆ ಟ್ಯಾನಿನ್, ಬೂಷ್ಟನ್ನ ಸ್ವಲ್ಪ ತಡೀತದೆ, ನೀಲಿಯಷ್ಟು ಜೋರು ಇಲ್ಲ. 30 ಮೊಟ್ಟೆಗೆ 17 ಒಡೀತು. ದಿನಕ್ಕೆ ಎರಡು ಸಲ ಬೆಳ್ಳಗಾದದ್ದನ್ನ ಹುಡುಕಿ ತೆಗೆಯಲೇಬೇಕು, ಒಂದು ದಿನ ಅಂಕೋಲಾಕ್ಕೆ ಮದುವೆಗೆ ಹೋಗಿ ರಾತ್ರಿ ತಡವಾಗಿ ಬಂದೆ, ನೋಡಿದ್ರೆ ಒಂದು ಬಿಳಿ ಮೊಟ್ಟೆ ಹತ್ತಿಯ ಉಂಡೆ ಹಾಗಾಗಿ ಪಕ್ಕದ ಐದನ್ನ ಎಳ್ಕೊಂಡು ಬಿಟ್ಟಿತ್ತು.

ಆದ್ರೆ ಆ 17ರಲ್ಲಿ 13 ಮರಿ ಹದಿನೈದು ದಿನ ದಾಟ್ತು! ನೀಲಿ ಡಬ್ಬಕ್ಕಿಂತ ಕಡಿಮೆ ಒಡೆದು ಜಾಸ್ತಿ ಉಳೀತು. ಕೊಳೀತಾ ಇರೋ ಎಲೆ ಮೇಲೆ ಕಣ್ಣಿಗೆ ಕಾಣದ ಲೋಳೆ ಪದರ ಬೆಳೀತದೆ, ಮರಿ ಅದನ್ನ ಮೇಯ್ತದೆ, ಎಲೆ ಕೆಳಗೆ ಅಡಗಿ ಕೂರ್ತದೆ, ಒಡೆದ ಮೇಲೆ ನೀರು ಬದಲಾಯಿಸೋ ಗಡಿಬಿಡಿನೂ ಇಲ್ಲ.

ಬಲೆ ಪೆಟ್ಟಿಗೆ. ಇದು ಎರಡನೇ ವರ್ಷದ್ದು. ದೊಡ್ಡ ಟ್ಯಾಂಕ್ ಒಳಗೇ ಬಲೆಯ ಬ್ರೀಡರ್ ಬಾಕ್ಸ್ ನೇತು ಹಾಕಿ, ಮೊಟ್ಟೆ ಅದರಲ್ಲಿ ಹರಡಿ, ಕೆಳಗೆ ಏರ್ ಸ್ಟೋನ್ ಇಟ್ಟು ಗುಳ್ಳೆ ಬಲೆ ಬದಿಯಿಂದ ಏರೋ ಹಾಗೆ ಮಾಡಿದೆ, ಒಂದು ತುಂಡು ಬಾದಾಮಿ ಎಲೆ, ಜೊತೆಗೆ ಮೂರು ಚೆರ್ರಿ ಸಿಗಡಿ. ಸಿಗಡಿ ಮೊಟ್ಟೆ ತಿಂತದೆ ಅಂತ ನನಗೂ ಭಯ ಇತ್ತು, ಲೆನ್ಸ್ ಹಿಡಿದು ಕೂತು ನೋಡಿದೆ. ಸಿಗಡಿ ಪ್ರತಿ ಮೊಟ್ಟೆ ಮೇಲೂ ಹತ್ತಿ ಸಣ್ಣ ಕೈಯಲ್ಲಿ ಒರೆಸಿದ ಹಾಗೆ ಮಾಡ್ತದೆ, ಗಟ್ಟಿ ಇದ್ದದ್ದನ್ನ ಬಿಟ್ಟು ಮುಂದೆ ಹೋಗ್ತದೆ, ಬೆಳ್ಳಗಾಗಿ ಮೆತ್ತಗಾದದ್ದು ಸಿಕ್ರೆ ಅಲ್ಲೇ ಕೂತು ಹರಿದು ತಿಂತದೆ. ಅದೇ ಲೆನ್ಸಲ್ಲಿ ಮೂರನೇ ದಿನ ಮೊಟ್ಟೆ ಒಳಗೆ ಎರಡು ಕಪ್ಪು ಕಣ್ಣು, ಸುತ್ತಿಕೊಂಡ ಬಾಲ ಒಮ್ಮೊಮ್ಮೆ ಜಿಗೀತಾ ಇದ್ದದ್ದು ಕಂಡಿತು. ಮರಿ ಒಡೆಯೋ ಹಿಂದಿನ ರಾತ್ರಿ ಸಿಗಡಿಗಳನ್ನ ತೆಗೆದುಬಿಟ್ಟೆ, ಆಗಷ್ಟೇ ಹೊರಬಿದ್ದ ಮರಿ ವಿಷಯದಲ್ಲಿ ನಂಬಿಕೆ ಬೇಡ.

30ರಲ್ಲಿ 21 ಒಡೀತು, ಹದಿನೈದು ದಿನಕ್ಕೆ 18. ಕರೆಂಟ್ ಆ ಸಲವೂ ಹೋಗಿತ್ತು, ಆದ್ರೆ ಸುತ್ತ ಇರೋದು ನೂರೈವತ್ತು ಲೀಟರ್ ನೀರು, ಅಷ್ಟು ಬೇಗ ಕೆಡೂದಿಲ್ಲ, ಬಿಸಿ ತಂಪೂ ಏರುಪೇರಾಗೂದಿಲ್ಲ. ನನ್ನ ಆಯ್ಕೆ ಇದೇ, ಕರಾವಳಿ ಮಳೆಗಾಲಕ್ಕೆ ಬೇರೆ ಯಾವುದನ್ನೂ ನಾನು ಹೇಳೂದಿಲ್ಲ. ತೊಂದರೆ ಇಲ್ಲ ಅಂತಲ್ಲ, ಬಲೆ ಕಣ್ಣು ಪಾಚಿ ಕಟ್ಟಿ ಮುಚ್ಚಿ ಹೋಗ್ತದೆ, ವಾರಕ್ಕೊಮ್ಮೆ ಮೆತ್ತಗಿನ ಬ್ರಷ್ಷಲ್ಲಿ ಹೊರಗಿಂದ ಉಜ್ಜಬೇಕು, ಮತ್ತೆ ಹೊರಗಿನ ಮೀನು ಬಲೆಗೆ ಬಾಯಿ ಹಾಕಿ ಮರಿ ಬಾಲ ಎಳೆಯೂದು ಉಂಟು, ಒಂದು ಮರಿ ಹಾಗೇ ಹೋಯ್ತು. ಪವರ್ ಬ್ಯಾಂಕಿಗೆ ಸಿಕ್ಕಿಸೋ ಸಣ್ಣ ಏರ್ ಪಂಪ್ ಒಂದು ತಗೊಂಡಿಟ್ಟಿದ್ದೇನೆ, ಯಾವ ವಿಧಾನ ಮಾಡಿದ್ರೂ ಅದು ಮನೇಲಿ ಇರಲಿ.

ನೀಲಿ ಔಷಧಕ್ಕೆ ಜಾಗನೇ ಇಲ್ಲ ಅಂತ ಹೇಳೂದಿಲ್ಲ. ಗಂಡು ಕಡಿಮೆ ಇದ್ದು ಅರ್ಧಕ್ಕರ್ಧ ಮೊಟ್ಟೆ ಬೆಳ್ಳಗಾಗೋ ಹಾಗಿದ್ರೆ, ಅಥವಾ ಅಪರೂಪದ ಮೀನಿನ ಹತ್ತು ಹದಿನೈದೇ ಮೊಟ್ಟೆ ಇದ್ರೆ ನಾನೂ ನೀಲಿಯಲ್ಲೇ ಇಟ್ಟು, ಒಡೆದ ಮೇಲೆ ಬಲೆ ಪೆಟ್ಟಿಗೆಗೆ ತರ್ತೆ.

ಬ್ರಿಸಲ್‌ನೋಸ್ ಪ್ಲೆಕೋ ಇಟ್ಟವರಿಗೆ ಇದ್ಯಾವುದೂ ಬೇಡ. ಅದೂ ಕ್ಯಾಟ್‌ಫಿಶ್ಶೇ, ಆದ್ರೆ ಅದರ ಗಂಡು ತೆಂಗಿನ ಕರಟದ ಒಳಗೆ ಕಿತ್ತಳೆ ಬಣ್ಣದ ಮೊಟ್ಟೆ ಗೊಂಚಲ ಮೇಲೆ ಕೂತು ರೆಕ್ಕೆಯಿಂದ ಬೀಸ್ತಾ ಕಾಯ್ತದೆ, ಊಟಕ್ಕೂ ಹೊರಗೆ ಬರೂದು ಅಪರೂಪ. ನಮ್ಮ ಕಡಲಿನ ಕ್ಯಾಟ್‌ಫಿಶ್, ಶೆಡೆ ಮೀನಂತೂ ಇನ್ನೂ ಮುಂದೆ, ಗಂಡು ಮೊಟ್ಟೆಗಳನ್ನ ಬಾಯಲ್ಲೇ ಇಟ್ಕೊಂಡು ಮರಿ ಮಾಡ್ತದೆ. ಒಂದ್ಸಲ ಮೀನು ಮಾರ್ಕೆಟಲ್ಲಿ ಶೆಡೆ ಕೊಯ್ಯುವಾಗ ಬಾಯಿಂದ ಗೋಲಿ ಗಾತ್ರದ ಮೊಟ್ಟೆ ಉರುಳಿ ಬಿತ್ತು, ಮಾರೋ ಅಕ್ಕ "ಅಪ್ಪ ಮೀನು ಇದು" ಅಂದ್ಲು. ಅವತ್ತು ಅದನ್ನ ತಗೊಳ್ಳೋಕೆ ಮನಸ್ಸಾಗಲಿಲ್ಲ.

ಮರಿ ಊಟದ್ದು ಹೇಳಿ ಮುಗಿಸ್ತೆ. ಒಡೆದ ಮೇಲೆ ಎರಡು ಮೂರು ದಿನ ಹೊಟ್ಟೆಯ ಹಳದಿ ಚೀಲವೇ ಊಟ, ಆಗ ಏನೂ ಹಾಕಬೇಡಿ, ಹಾಕಿದ್ದು ಕೊಳೀತದೆ. ಆಮೇಲೆ ಆರ್ಟೀಮಿಯಾ, ಅಂದ್ರೆ ಉಪ್ಪು ನೀರಲ್ಲಿ ಬದುಕೋ ಸಿಗಡಿ ಹಾಗಿನ ಸಣ್ಣ ಜೀವಿಯ ಮರಿ. ಒಂದು ಲೀಟರ್ ನೀರಿಗೆ 25 ಗ್ರಾಂ ಸಾಣಿಕಟ್ಟಾ ಹರಳುಪ್ಪು, ಆರ್ಟೀಮಿಯಾ ಮೊಟ್ಟೆ ಹಾಕಿ ಜೋರು ಗಾಳಿ ಬಿಟ್ರೆ 28 ಡಿಗ್ರಿಯಲ್ಲಿ ಒಂದು ದಿನಕ್ಕೆ ಒಡೀತದೆ, ಮಳೆಗಾಲದ ತಂಪಲ್ಲಿ ಒಂದೂವರೆ ದಿನ ಬೇಕು. ಬೇಸಿಗೆಯಲ್ಲಿ ಸಮುದ್ರದ ನೀರನ್ನೇ ಸೋಸಿ ಬಳಸ್ತೆ, ಆದ್ರೆ ಜೂನ್ ನಂತರ ಕಾಳಿ ನದಿ ಕೆಂಪಾಗಿ ಬಂದು ಸೇರೋ ಕಾಲದಲ್ಲಿ ಆ ನೀರಲ್ಲಿ ಉಪ್ಪೂ ಕಡಿಮೆ, ಕೆಸರೂ ಜಾಸ್ತಿ, ಆಗ ಸಾಣಿಕಟ್ಟಾ ಉಪ್ಪೇ. ಸೋಸಿದ ಮೇಲೆ ಸಿಹಿ ನೀರಲ್ಲಿ ಒಮ್ಮೆ ತೊಳೆದು, ಸೂಜಿ ತೆಗೆದ ಸಿರಿಂಜಲ್ಲಿ ಮರಿಗಳ ಮೂತಿ ಹತ್ರವೇ ಬಿಡಿ. ಅರ್ಧ ಗಂಟೆಗೆ ಮರಿಗಳ ಹೊಟ್ಟೆ ಕಿತ್ತಳೆ ಆಗಿ ಕಾಣ್ತದೆ. ಕಾಣಲಿಲ್ಲ ಅಂದ್ರೆ ಅವತ್ತು ತಿಂದಿಲ್ಲ ಅಂತ ಅರ್ಥ, ಉಳಿದದ್ದನ್ನ ಅದೇ ಸಿರಿಂಜಲ್ಲಿ ಎಳೆದು ತೆಗೆದು ನೀರು ಬದಲಾಯಿಸಿ.