ಒಂದೇ ಸಂದರ್ಶನ, ನಾಲ್ಕು ಸಲ ಕೋಡಿಂಗ್: ಕಾಗದ, ಸ್ಪ್ರೆಡ್‌ಶೀಟ್, ಟ್ಯಾಗೆಟ್, ಎನ್‌ವಿವೋ

ಪಾವಗಡ ತಾಲ್ಲೂಕಿನ ಹಳ್ಳಿಗಳಲ್ಲಿ ಕುಡಿಯುವ ನೀರಿನ ಬಗ್ಗೆ ಹೆಂಗಸರ ಜೊತೆ ಮಾತಾಡಿ ತಂದ 18 ಸಂದರ್ಶನಗಳು ನನ್ನ ಬಳಿ ಇದ್ದವು. ಎಲ್ಲವನ್ನೂ ಕನ್ನಡದಲ್ಲೇ ಬರೆದುಕೊಂಡಿದ್ದೆ. ಆ ಸೀಮೆಯ ಮಾತಿನಂತೆ ನಡುನಡುವೆ ತೆಲುಗೂ ಇತ್ತು. ಇವನ್ನು ಯಾವುದರಲ್ಲಿ ಕೋಡ್ ಮಾಡಬೇಕೆಂದು ತೀರ್ಮಾನಿಸಲು ಒಂದೇ ಸಂದರ್ಶನವನ್ನು ಆರಿಸಿಕೊಂಡು, ವಾರಕ್ಕೊಂದು ಬಗೆಯಲ್ಲಿ ನಾಲ್ಕು ಸಲ ಮಾಡಿ ನೋಡಿದೆ. ಇಲ್ಲಿ ಕೋಡ್ ಎಂದರೆ ಮಾತಿನ ತುಣುಕಿಗೆ ನಾವು ಕೊಡುವ ಹೆಸರು. ಒಂದೇ ಹೆಸರಿನ ತುಣುಕುಗಳನ್ನು ಒಟ್ಟಿಗಿಟ್ಟು ಓದಿದಾಗ ವಿಶ್ಲೇಷಣೆ ಶುರುವಾಗುತ್ತದೆ.

ಪರೀಕ್ಷೆಗೆ ಇಟ್ಟುಕೊಂಡ ತುಣುಕು ಇದು: "ರಾತ್ರಿ ಎರಡಕ್ಕೆ ಕರೆಂಟ್ ಕೊಟ್ರೆ ಬೋರ್ ನೀರೂ ಎರಡಕ್ಕೇ ಬರ್ತದೆ. ಕೊಡ ಸಾಲಲ್ಲಿ ಇಟ್ಟು ಬಂದಿರ್ತೀನಿ. ಮಗಳು ಅಲ್ಲಿ ಕೊಡ ಕಾಯ್ತಾಳೆ, ನಾನು ಇಲ್ಲಿ ಕರೆಂಟ್ ಕಾಯ್ತೀನಿ."

ಮೊದಲು ಕೈಹಾಕಿದ್ದು ಸ್ಪ್ರೆಡ್‌ಶೀಟ್‌ಗೆ. ಸಾಲಿಗೊಂದು ತುಣುಕು, ಪಕ್ಕದ ಕಾಲಂನಲ್ಲಿ ಕೋಡ್. ಓದಿದ ಪುಸ್ತಕಗಳೆಲ್ಲ ಇಂಗ್ಲಿಷಿನವು, ಹಾಗಾಗಿ ಬೆರಳು ತಾನೇ 'ವಾಟರ್ ಸ್ಕೇರ್ಸಿಟಿ' ಎಂದು ಟೈಪ್ ಮಾಡಿತು. ಲೆಕ್ಕ ಹಾಕಲು, ಫಿಲ್ಟರ್ ಮಾಡಲು ಇದಕ್ಕಿಂತ ಸಲೀಸಾದದ್ದಿಲ್ಲ. ಆದರೆ ಒಂದೇ ತುಣುಕಿಗೆ ಎರಡು ಕೋಡ್ ಬೇಕಾದರೆ ಸಾಲನ್ನೇ ನಕಲು ಮಾಡಬೇಕು, ಹಿಂದುಮುಂದಿನ ಮಾತು ಕಣ್ಣಿಗೆ ಬೀಳುವುದಿಲ್ಲ. ಮೂರನೇ ದಿನ ಕೋಡ್ ಕಾಲಂ ಒಂದನ್ನೇ ಆಯ್ದು ಅಕಾರಾದಿಯಾಗಿ ಜೋಡಿಸಿಬಿಟ್ಟೆ. ಮಾತುಗಳು ಇದ್ದಲ್ಲೇ ಇದ್ದವು, ಕೋಡ್‌ಗಳು ಮಾತ್ರ ಯಾರದೋ ಮಾತಿನ ಪಕ್ಕಕ್ಕೆ ಹೋಗಿ ಕೂತವು. ಗೊತ್ತಾಗುವ ಹೊತ್ತಿಗೆ ಫೈಲ್ ಸೇವ್ ಆಗಿತ್ತು.

ಆಮೇಲೆ ಕಾಗದ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂತೆ. ಅಂಚಿನಲ್ಲಿ ಜಾಗ ಕಡಿಮೆ, ಉದ್ದದ ಹೆಸರು ಹಿಡಿಸುವುದಿಲ್ಲ. ಅದಕ್ಕೇ ಆಕೆಯ ಬಾಯಲ್ಲಿದ್ದ ಪದವನ್ನೇ ಬರೆದೆ: 'ಕಾಯೋದು'. ಕತ್ತರಿಸಿದ ಚೀಟಿಗಳನ್ನು ನೆಲದ ಮೇಲೆ ಹರಡಿದಾಗ ಆ ಗುಂಪಿಗೆ ಟ್ಯಾಂಕರ್ ಬಂತು, ಐದು ರೂಪಾಯಿ ನಾಣ್ಯ ಹಿಡಿದು ನಿಲ್ಲುವ ಫಿಲ್ಟರ್ ನೀರಿನ ಘಟಕದ ಸಾಲು ಬಂತು, ಶಾಲೆ ಬಿಟ್ಟು ಕೊಡದ ಪಕ್ಕ ಕೂತ ಮಗಳೂ ಬಂದಳು. ಅಮ್ಮ ಕಾಯುವುದು ಎದುರುನೋಡುವುದು, ಮಗಳು ಕಾಯುವುದು ಕಾವಲು. ಇಂಗ್ಲಿಷಿನಲ್ಲಿ ಇವೆರಡೂ ಬೇರೆ ಬೇರೆ ಕೋಡ್ ಆಗಿ ಹೋಗುತ್ತಿದ್ದವು. ಕನ್ನಡದಲ್ಲಿ ಒಂದೇ ಪದವಾಗಿದ್ದರಿಂದ ಅಮ್ಮನ ರಾತ್ರಿಯೂ ಮಗಳ ಶಾಲೆಯೂ ಒಂದೇ ಗುಂಪಿಗೆ ಬಿದ್ದವು. ನನ್ನ ಅಧ್ಯಯನದ ಮುಖ್ಯ ಅಧ್ಯಾಯ ಹುಟ್ಟಿದ್ದು ಆ ನೆಲದ ಮೇಲೆ.

ಕಾಗದಕ್ಕೆ ಅದರದೇ ಅಪಾಯವಿದೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ರಾಂಪುರ ಎಂಬ ಹಳ್ಳಿಯ ಬಗ್ಗೆ ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಸುಟ್ಟುಹೋದವು. ನಾನು ಪ್ರತಿ ಚೀಟಿಗೂ ಸಂದರ್ಶನದ ಸಂಖ್ಯೆ, ಸಾಲಿನ ಸಂಖ್ಯೆ ಹಾಕಿ ಅಂದಂದೇ ಫೋಟೋ ತೆಗೆದಿಡುತ್ತೇನೆ. ಆದರೂ 18 ಸಂದರ್ಶನಗಳ ಚೀಟಿಗಳನ್ನು ನೆಲದ ಮೇಲೆ ಹರಡಿಕೊಂಡು ತಿಂಗಳುಗಟ್ಟಲೆ ಬದುಕಲಾಗದು.

ಟ್ಯಾಗೆಟ್ ಉಚಿತ, ಮುಕ್ತ ತಂತ್ರಾಂಶ. ಬ್ರೌಸರ್‌ನಲ್ಲಿ ತೆರೆದುಕೊಂಡರೂ ನಮ್ಮ ಕಂಪ್ಯೂಟರ್‌ನಲ್ಲೇ ನಡೆಸಬಹುದು. ಸಂದರ್ಶನ ಕೊಟ್ಟವರ ಮಾತು ಹೊರಗೆ ಹೋಗಬಾರದು ಎನ್ನುವವರಿಗೆ ಇದು ದೊಡ್ಡ ಸಂಗತಿ. ಸಾಲನ್ನು ಆಯ್ದು ಟ್ಯಾಗ್ ಹಾಕುವುದು, ಟ್ಯಾಗ್ ಒತ್ತಿ ಎಲ್ಲ ತುಣುಕುಗಳನ್ನು ಓದುವುದು, ಸ್ಪ್ರೆಡ್‌ಶೀಟ್ ಆಗಿ ಹೊರತೆಗೆಯುವುದು: ಅರ್ಧ ಗಂಟೆಯಲ್ಲಿ ಕೈಗೆ ಹತ್ತಿತು. ಕೋಡ್‌ನೊಳಗೆ ಉಪಕೋಡ್ ಇಡುವ ವ್ಯವಸ್ಥೆ ಇಲ್ಲ. ನಾನು 'ಕಾಯೋದು.ನೀರು', 'ಕಾಯೋದು.ಕೊಡ' ಎಂದು ಚುಕ್ಕಿ ಇಟ್ಟು ನಿಭಾಯಿಸಿದೆ.

ಕೊನೆಯದು ಎನ್‌ವಿವೋ, ಲೈಸೆನ್ಸ್ ಕೊಂಡು ಬಳಸುವ ಕೋಡಿಂಗ್ ತಂತ್ರಾಂಶ. ಅದರ ಬೇರು 1981ರಲ್ಲಿ ಮೆಲ್ಬರ್ನ್‌ನ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞೆ ಲಿನ್ ರಿಚರ್ಡ್ಸ್ ಅವರ ಅಧ್ಯಯನಕ್ಕಾಗಿ ಪತಿ ಟಾಮ್ ರಿಚರ್ಡ್ಸ್ ಕಟ್ಟಿದ ಪ್ರೋಗ್ರಾಂನಲ್ಲಿದೆ. ಎನ್‌ವಿವೋ ಹೆಸರಿನಲ್ಲಿ ಬಂದದ್ದು 1999ರಲ್ಲಿ. ಸಂಶೋಧಕರು ಹೇಳುವ 'ಇನ್ ವೀವೋ' ಕೋಡ್ ಎಂದರೂ ಮಾತಾಡಿದವರ ಪದವನ್ನೇ ಕೋಡ್ ಮಾಡುವುದು, ನನಗೆ ಕಾಗದದ ಅಂಚಿನಲ್ಲಿ ಸಿಕ್ಕ ಪಾಠವೇ. ಎನ್‌ವಿವೋದ ನಿಜವಾದ ಬಲ ಮ್ಯಾಟ್ರಿಕ್ಸ್ ಪ್ರಶ್ನೆಗಳಲ್ಲಿ. ಸ್ವಂತ ಬೋರ್ ಇರುವ ಮನೆಯವರು 'ಕಾಯೋದು' ಬಗ್ಗೆ ಏನಂದರು, ಇಲ್ಲದವರು ಏನಂದರು ಎಂದು ಒಂದೇ ಕೋಷ್ಟಕದಲ್ಲಿ ಇಟ್ಟು, ಕೋಷ್ಟಕದ ಚೌಕವೊಂದನ್ನು ಒತ್ತಿದರೆ ಮೂಲ ಮಾತಿಗೇ ಕರೆದೊಯ್ಯುತ್ತದೆ. ಟ್ಯಾಗೆಟ್‌ನಲ್ಲಿ ಇದನ್ನು ಕೈಯಲ್ಲೇ ಮಾಡಬೇಕು.

ಯಾವುದನ್ನು ಬಳಸಿದರೂ ಪದ ಹುಡುಕಿ ತಾನಾಗಿ ಕೋಡ್ ಹಾಕಿಸುವ ಕೆಲಸಕ್ಕೆ ಕನ್ನಡದಲ್ಲಿ ಕೈಹಾಕಬೇಡಿ. 'ಕಾಯ' ಎಂದು ಹುಡುಕಿದರೆ ಕಾಯಿಲೆ, ತೆಂಗಿನಕಾಯಿ, ಕಾಯಿಸಿದ ನೀರು ಎಲ್ಲ ಬರುತ್ತವೆ. ನೀರಿನಲ್ಲಿ ಫ್ಲೋರೈಡ್ ಇರುವ ಊರಲ್ಲಂತೂ ಮಾತಿಗೊಮ್ಮೆ ಕಾಯಿಲೆ. ಬೇಕಾದ 'ಕಾದು ಕಾದು ಸುಸ್ತಾದೆ' ಮಾತ್ರ ಸಿಗುವುದಿಲ್ಲ. ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಮೊದಲು ಯೂನಿಕೋಡ್‌ಗೆ ಬದಲಿಸಿ, ಇಲ್ಲವಾದರೆ ಪರದೆಯ ಮೇಲೆ ಬರೀ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ.

ನಾನು ಕೊನೆಗೆ ಮಾಡಿದ್ದು ಇಷ್ಟು: ಮೊದಲ ಐದು ಸಂದರ್ಶನ ಕಾಗದದ ಮೇಲೆ, ಅಲ್ಲಿ ಹುಟ್ಟಿದ ಕನ್ನಡದ ಹೆಸರುಗಳನ್ನು ಹಿಡಿದುಕೊಂಡು 18ನ್ನೂ ಟ್ಯಾಗೆಟ್‌ನಲ್ಲಿ. ಒಬ್ಬರೇ ಕೆಲಸ ಮಾಡುವ ಪಿಎಚ್‌ಡಿ ವಿದ್ಯಾರ್ಥಿಗೆ ಇಷ್ಟು ಸಾಕು. ಮೂರು ನಾಲ್ಕು ಜನ ಸೇರಿ ಐವತ್ತು ಅರವತ್ತು ಸಂದರ್ಶನ ಹೋಲಿಸುವುದಿದ್ದರೆ, ಸಂಸ್ಥೆ ಲೈಸೆನ್ಸ್ ಕೊಡಿಸುವುದಾದರೆ, ಎನ್‌ವಿವೋ ತೆಗೆದುಕೊಳ್ಳಿ. ಆಗಲೂ ಮೊದಲ ಐದನ್ನು ಪ್ರಿಂಟ್ ತೆಗೆದು ಪೆನ್ಸಿಲ್‌ನಲ್ಲೇ ಮಾಡಿ.